ಮೂರನೇ ಬೆಲ್ಟೂ ಹೊರಬಿತ್ತು: ಲೋಡರ್‌ನ ಬೆಲ್ಟ್ ಟೆನ್ಷನರ್ ಬಿಚ್ಚಿ ರಿಪೇರಿ ಮಾಡಬಹುದೇ?

ಬಕೆಟ್_ಸಾರಥಿ · ಸೋಮವಾರ, ರಾತ್ರಿ 8:50

ಯಂತ್ರ ವೀಲ್ ಲೋಡರ್. ಆರು ಸಿಲಿಂಡರಿನ ಡೀಸೆಲ್ ಎಂಜಿನ್, ಮೀಟರಿನಲ್ಲಿ 11,400 ಗಂಟೆ. ಕೆಲಸ ಜಲ್ಲಿ ರಾಶಿಯ ಮೇಲೆ, ಅಂದರೆ ದಿನವಿಡೀ ದೂಳು.

ಎಂಜಿನ್ನಿನ ಮುಂದೆ ಎಂಟು ರಿಬ್‌ಗಳ ಒಂದೇ ಬೆಲ್ಟ್ ಇದೆ. ವಾಟರ್ ಪಂಪ್, ಆಲ್ಟರ್ನೇಟರ್, ಎಸಿ ಕಂಪ್ರೆಸರ್ ಮೂರನ್ನೂ ಅದೇ ತಿರುಗಿಸುತ್ತದೆ. ಕಳೆದ ಎರಡು ತಿಂಗಳಲ್ಲಿ ಮೂರು ಬೆಲ್ಟ್ ಹೋಗಿವೆ. ಮೊದಲನೆಯದು ಹಳೆಯದು, ಹೋಗಲಿ ಎಂದುಕೊಂಡೆ. ಎರಡನೆಯದರ ಅಂಚು ನಾರುನಾರಾಗಿ ಬಿಚ್ಚಿಕೊಂಡಿತು. ಮೂರನೆಯದು ಇಂದು ಮಧ್ಯಾಹ್ನ ಪುಲ್ಲಿಯಿಂದ ಹಾರಿ ಫ್ಯಾನ್ ಕವಚದೊಳಗೆ ಸುತ್ತಿಕೊಂಡು ಬಿದ್ದಿತ್ತು. ಚಾರ್ಜಿಂಗ್ ದೀಪ ಹತ್ತಿದ ತಕ್ಷಣ ಎಂಜಿನ್ ನಿಲ್ಲಿಸಿದ್ದರಿಂದ ಬಿಸಿಯಾಗುವ ಮೊದಲೇ ಬಚಾವಾದೆ.

ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಸ್ಪ್ರಿಂಗ್ ತೋಳು, ಅಂದರೆ ಟೆನ್ಷನರ್ ನೋಡಿದರೆ ತೋಳಿನ ಬುಡದಲ್ಲಿ ಕೆಂಪು ಪುಡಿ ಇದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಪಕ್ಕಕ್ಕೆ ಆಡುತ್ತದೆ. ಬೆಲ್ಟ್ ಇದ್ದಾಗ ಎಂಜಿನ್ ಐಡಲ್‌ನಲ್ಲಿ ತೋಳು ಗಡಗಡ ನಡುಗುತ್ತಿತ್ತು, ಜೊತೆಗೆ ಗುಬ್ಬಚ್ಚಿಯಂತೆ ಚಿವ್ ಚಿವ್ ಸದ್ದು. ಹೊಸ ಟೆನ್ಷನರ್ ಬರಲು ಹನ್ನೆರಡು ದಿನ ಬೇಕಂತೆ. ಅಲ್ಲಿಯವರೆಗೆ ಲೋಡರ್ ನಿಲ್ಲಿಸಲು ಆಗುವುದಿಲ್ಲ. ಸ್ಪ್ರಿಂಗ್ ಇರುವ ಅದರ ಡಬ್ಬಿ ಬಿಚ್ಚಿ ಒಳಗೆ ಹೊಸ ಬುಷ್ (ತೋಳು ತಿರುಗುವ ಬಳೆ) ಹಾಕಿ, ಸ್ಪ್ರಿಂಗಿಗೆ ಒಂದರ್ಧ ಸುತ್ತು ಹೆಚ್ಚು ಬಿಗಿ ಕೊಟ್ಟರೆ ನಡೆಯುತ್ತದೆಯೇ? ಯಾರಾದರೂ ಮಾಡಿದ್ದೀರಾ?

ಹಳೆಯ_ಪಾನ · ರಾತ್ರಿ 9:02

ಡಬ್ಬಿ ಬಿಚ್ಚಬೇಡಿ. ಮಿಕ್ಕಿದ್ದನ್ನು ಆಮೇಲೆ ಮಾತಾಡೋಣ.

ರಾತ್ರಿಪಾಳಿ · ರಾತ್ರಿ 9:10

ಬಿಚ್ಚಿದ್ದೇನೆ, ಬದುಕಿದ್ದೇನೆ, ಇನ್ನೊಮ್ಮೆ ಬಿಚ್ಚುವುದಿಲ್ಲ.

ವೈಸಿಗೆ ಕಚ್ಚಿಸಿ ನಡುವಿನ ಪಿನ್ನಿನ ತಲೆಯನ್ನು ಗ್ರೈಂಡರಿನಿಂದ ಕೊಯ್ದೆ. ಕೊನೆಯ ಚೂರು ಕತ್ತರಿಸಿದ ಕ್ಷಣ ಮುಚ್ಚಳ ಕೈ ತಪ್ಪಿ ಹೋಗಿ ಛಾವಣಿಯ ತಗಡಿಗೆ ಬಡಿಯಿತು. ಆ ತಗ್ಗು ಈಗಲೂ ಇದೆ. ಒಳಗೆ ಇದ್ದದ್ದು ದಪ್ಪ ತಂತಿಯ ಒಂದು ತಿರುಚು ಸ್ಪ್ರಿಂಗ್, ಒಂದು ಪ್ಲಾಸ್ಟಿಕ್ ಬುಷ್, ಘರ್ಷಣೆಗೆಂದು ಒಂದು ಪ್ಯಾಡ್. ಬುಷ್ ಒಂದು ಬದಿಗೆ ಕಾಗದದಷ್ಟು ತೆಳುವಾಗಿತ್ತು. ಲೇತಿನಲ್ಲಿ ಕಂಚಿನ ಬುಷ್ ಮಾಡಿಸಿದೆ. ಸ್ಪ್ರಿಂಗನ್ನು ಮೊದಲಿನ ಬಿಗಿಗೆ ತಿರುಚಿ ಮುಚ್ಚಳ ಕೂರಿಸಲು ಮೂವರು ಎರಡು ಗಂಟೆ ಹೆಣಗಿದೆವು. ಯಂತ್ರಕ್ಕೆ ಹಾಕಿದರೆ ತೋಳು ಮೊದಲಿಗಿಂತ ಹೆಚ್ಚು ನಡುಗಿತು. ಏಕೆಂದು ಆಗ ಗೊತ್ತಾಗಲಿಲ್ಲ.

ಎಣ್ಣೆಕೈ · ರಾತ್ರಿ 9:21

ಇಷ್ಟೆಲ್ಲ ಏಕೆ? ತೋಳಿನ ಬುಡಕ್ಕೆ ಗ್ರೀಸ್ ಸ್ಪ್ರೇ ಹೊಡೆಯಿರಿ, ನಾಲ್ಕು ಸಲ ಮೇಲೆ ಕೆಳಗೆ ಆಡಿಸಿ. ನಾನು ಎಷ್ಟೋ ಯಂತ್ರಗಳಿಗೆ ಹೀಗೇ ಮಾಡಿದ್ದೇನೆ, ಸದ್ದು ಅಲ್ಲೇ ನಿಲ್ಲುತ್ತದೆ.

ಹಳೆಯ_ಪಾನ · ರಾತ್ರಿ 9:40

ಎಣ್ಣೆಕೈ ಅವರೇ, ನಿಮ್ಮ ಹೆಸರಿಗೆ ತಕ್ಕ ಸಲಹೆ. ಆದರೆ ಅದು ತಪ್ಪು, ಏಕೆಂದು ಹೇಳುತ್ತೇನೆ. ರಾತ್ರಿಪಾಳಿಯವರ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ.

ಟೆನ್ಷನರಿಗೆ ಎರಡು ಕೆಲಸ. ಬೆಲ್ಟನ್ನು ಬಿಗಿಯಾಗಿ ಹಿಡಿಯುವುದು ಸ್ಪ್ರಿಂಗಿನ ಕೆಲಸ. ತೋಳು ಕುಣಿಯದಂತೆ ತಡೆಯುವುದು ಘರ್ಷಣೆಯ ಕೆಲಸ. ಡೀಸೆಲ್ ಎಂಜಿನ್ನಿನ ಕ್ರ್ಯಾಂಕ್ ಒಂದೇ ಸಮ ತಿರುಗುವುದಿಲ್ಲ. ಒಂದೊಂದು ಸಿಲಿಂಡರ್ ಉರಿದಾಗಲೂ ಒಂದು ಒದೆತ ಕೊಡುತ್ತದೆ. ಆರು ಸಿಲಿಂಡರಿನಲ್ಲಿ ಪ್ರತಿ ಸುತ್ತಿಗೆ ಮೂರು ಒದೆತ. 800 ಆರ್‌ಪಿಎಂ ಐಡಲ್ ಎಂದರೆ ಸೆಕೆಂಡಿಗೆ ನಲವತ್ತು. ಈ ಒದೆತವನ್ನು ತೋಳು ನುಂಗಬೇಕು. ಒಳಗಿನ ಬುಷ್ ಮತ್ತು ಪ್ಯಾಡ್ ಒಣಗಿದ್ದು, ಸ್ವಲ್ಪ ಹಿಡಿದಂತೆ ಉಜ್ಜುತ್ತಿದ್ದರೆ ಮಾತ್ರ ಅದು ಸಾಧ್ಯ. ಅಲ್ಲಿಗೆ ಎಣ್ಣೆ ಬಿಟ್ಟಿರೋ, ಶಾಕ್ ಅಬ್ಸಾರ್ಬರ್ ತೆಗೆದುಹಾಕಿ ಬರೀ ಸ್ಪ್ರಿಂಗಿನ ಮೇಲೆ ಗಾಡಿ ಓಡಿಸಿದ ಹಾಗೆ. ಸದ್ದು ನಿಲ್ಲುತ್ತದೆ, ನಿಜ. ಕುಣಿತ ಹೆಚ್ಚುತ್ತದೆ. ಕಂಚಿನ ಬುಷ್ ಹಾಕಿದಾಗ ಆದದ್ದೂ ಅದೇ: ಜಾರುವ ಬುಷ್ ಸಿಕ್ಕಿತು, ಹಿಡಿತ ಹೋಯಿತು.

ಎಣ್ಣೆಕೈ · ರಾತ್ರಿ 9:44

ನಾನು ಹೊಡೆದ ಯಂತ್ರಗಳು ಇನ್ನೂ ಓಡುತ್ತಿವೆ.

ಹಳೆಯ_ಪಾನ · ರಾತ್ರಿ 9:45

ಬೆಲ್ಟ್ ಎಷ್ಟು ಬದಲಾಯಿಸಿದ್ದಾರೆ ಎಂದು ಕೇಳಿ ನೋಡಿ.

ಕಲಿಯುವ_ಕೈ · ರಾತ್ರಿ 9:58

ಆ ಕೆಂಪು ಪುಡಿ ಏನು? ತುಕ್ಕೇ? ನೀರು ತಾಗದ ಜಾಗದಲ್ಲಿ ತುಕ್ಕು ಹೇಗೆ ಬರುತ್ತದೆ?

ಅಳತೆಪಟ್ಟಿ · ರಾತ್ರಿ 10:15

ನೀರಿನಿಂದ ಬಂದದ್ದಲ್ಲ. ಎರಡು ಲೋಹಗಳು ಒತ್ತಿಕೊಂಡು ಕೂದಲೆಳೆಯಷ್ಟೇ ಆಚೀಚೆ ಸರಿಯುತ್ತಿದ್ದರೆ ಬಹಳ ನುಣ್ಣನೆಯ ಕಬ್ಬಿಣದ ಪುಡಿ ಉದುರುತ್ತದೆ. ಅದು ಗಾಳಿ ತಾಗಿದ ಕೂಡಲೇ ಕೆಂಪಾಗುತ್ತದೆ. ಸಡಿಲವಾದ ಬೋಲ್ಟಿನ ತಲೆಯ ಸುತ್ತ ಕೆಂಪು ಗೆರೆ ಕಾಣುವುದೂ ಇದರಿಂದಲೇ. ಹಾಗಾಗಿ ತೋಳಿನ ಬುಡದಲ್ಲಿ ಕೆಂಪು ಪುಡಿ ಎಂದರೆ ಒಳಗಿನ ಬುಷ್ ಸವೆದು ಲೋಹಕ್ಕೆ ಲೋಹ ಉಜ್ಜುತ್ತಿದೆ ಎಂದೇ ಅರ್ಥ. ಈ ಟೆನ್ಷನರ್ ಮುಗಿದಿದೆ, ಅದರಲ್ಲಿ ಅನುಮಾನವಿಲ್ಲ.

ಆದರೆ ಬಕೆಟ್_ಸಾರಥಿಯವರೇ, ನೀವು ಚಿವ್ ಚಿವ್ ಎಂದು ಬರೆದಿದ್ದೀರಿ. ನನ್ನ ಕಿವಿ ನಿಮಿರಿದ್ದು ಅಲ್ಲಿ. ಬೆಲ್ಟ್ ಸಡಿಲವಾಗಿ ಜಾರಿದರೆ ಉದ್ದಕ್ಕೆ ಕಿರ್ರೆಂದು ಕಿರುಚುತ್ತದೆ, ಅದರಲ್ಲೂ ಎಂಜಿನ್ ವೇಗ ಏರಿಸಿದಾಗ. ಬಿಟ್ಟುಬಿಟ್ಟು ಚಿವ್ ಚಿವ್ ಎಂದರೆ ಸಾಮಾನ್ಯವಾಗಿ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎಂದರ್ಥ. ಪರೀಕ್ಷೆ ಸುಲಭ. ನಾಳೆ ಹೊಸ ಬೆಲ್ಟ್ ಹಾಕಿದ ಮೇಲೆ ಎಂಜಿನ್ ಐಡಲ್‌ನಲ್ಲಿ ಬಿಟ್ಟು, ಒಂದು ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ, ದೂರ ನಿಂತು ಬೆಲ್ಟಿನ ರಿಬ್ ಇರುವ ಬದಿಗೆ ಚಿಮುಕಿಸಿ. ಸದ್ದು ಥಟ್ಟನೆ ಜೋರಾದರೆ ಬಿಗಿ ಸಾಲದು. ಕೆಲವು ಕ್ಷಣ ನಿಂತು, ಒಣಗಿದ ಮೇಲೆ ಮತ್ತೆ ಬಂದರೆ ಸಾಲು ತಪ್ಪಿದೆ. ಅಂಗಿಯ ತೋಳು ಮಡಚಿಕೊಳ್ಳಿ, ಫ್ಯಾನಿನ ಕಡೆ ಕೈ ಚಾಚಬೇಡಿ.

ಮೂರನೇ_ಗೇರ್ · ರಾತ್ರಿ 10:30

ಟೆನ್ಷನರ್ ಸಡಿಲವಾದರೆ ಗ್ರೀಸ್ ಗನ್ನಿನಿಂದ ನಿಪ್ಪಲಿಗೆ ಗ್ರೀಸ್ ತುಂಬಿದರೆ ಸಾಕಲ್ಲವೇ? ನಮ್ಮ ಎಕ್ಸ್‌ಕವೇಟರಿಗೆ ಹಾಗೇ ಮಾಡುತ್ತೇವೆ.

ಹಳೆಯ_ಪಾನ · ರಾತ್ರಿ 10:33

ಅದು ಚೈನ್ ಟ್ರ್ಯಾಕಿನ ಟೆನ್ಷನರ್. ಇಲ್ಲಿ ಮಾತಾಡುತ್ತಿರುವುದು ಎಂಜಿನ್ ಬೆಲ್ಟಿನದು.

ಮೂರನೇ_ಗೇರ್ · ರಾತ್ರಿ 10:34

ಓ. ಕ್ಷಮಿಸಿ. ಮಲಗುವ ಹೊತ್ತು.

ರಾತ್ರಿಪಾಳಿ · ರಾತ್ರಿ 10:41

ಮಾತು ಬಂತೆಂದು ಹೇಳುತ್ತೇನೆ, ಟ್ರ್ಯಾಕ್ ಸಡಿಲಿಸುವಾಗ ಆ ಗ್ರೀಸ್ ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಮುಖ ಅದರ ಎದುರಿಗೆ ಇಡಬೇಡಿ. ಒಳಗಿನ ಗ್ರೀಸ್ ಅಪಾರ ಒತ್ತಡದಲ್ಲಿರುತ್ತದೆ, ಚರ್ಮ ಸೀಳಿ ಒಳಹೋಗುತ್ತದೆ. ಗ್ರೀಸ್ ಬರುತ್ತಿಲ್ಲವೆಂದು ವಾಲ್ವನ್ನು ಪೂರ್ತಿ ಬಿಚ್ಚಲು ಹೊರಟವನೊಬ್ಬನನ್ನು ಕಾಲರ್ ಹಿಡಿದು ಎಳೆದಿದ್ದೇನೆ.

ಕಬ್ಬಿಣದ_ಕಡಲೆ · ಮಂಗಳವಾರ, ಬೆಳಿಗ್ಗೆ 6:20

ಮೇಲಿನದ್ದನ್ನೆಲ್ಲ ಓದಿದೆ. ಅಳತೆಪಟ್ಟಿಯವರು ವಿಷಯವನ್ನು ಸುಮ್ಮನೆ ಸುತ್ತುತ್ತಿದ್ದಾರೆ. ಬುಷ್ ಸವೆದರೆ ತೋಳು ವಾಲುತ್ತದೆ. ತೋಳು ವಾಲಿದರೆ ಅದರ ತುದಿಯ ಪುಲ್ಲಿಯೂ ಓರೆಯಾಗುತ್ತದೆ. ಪುಲ್ಲಿ ಓರೆಯಾದರೆ ಸಾಲು ತಪ್ಪದೇ ಇನ್ನೇನು? ನೀರಿನ ಪರೀಕ್ಷೆ ಸಾಲು ತಪ್ಪಿದೆ ಎಂದು ಹೇಳಿದರೂ ಉತ್ತರ ಅದೇ ಟೆನ್ಷನರ್. ಹೊಸದು ಹಾಕಿ, ಮುಗಿಯಿತು.

ಅಳತೆಪಟ್ಟಿ · ಬೆಳಿಗ್ಗೆ 6:52

ಮೊದಲು ಬುಷ್ ಸವೆದು ಆಮೇಲೆ ಸಾಲು ತಪ್ಪಿತೋ, ಸಾಲು ತಪ್ಪಿದ್ದರಿಂದ ಬುಷ್ ಸವೆಯಿತೋ? ಬೆಲ್ಟ್ ಓರೆಯಾಗಿ ಎಳೆಯುತ್ತಿದ್ದರೆ ತೋಳಿನ ಬುಡಕ್ಕೆ ದಿನವಿಡೀ ಪಕ್ಕದ ಹೊರೆ ಬೀಳುತ್ತದೆ. ಇದನ್ನು ನೋಡದೆ ಹೊಸ ಟೆನ್ಷನರ್ ಹಾಕಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಟೆನ್ಷನರ್ ಸತ್ತಿದೆ ಎಂದು ನಾನೂ ಒಪ್ಪಿದ್ದೇನೆ. ಕೊಂದವರು ಯಾರೆಂದು ಕೇಳುತ್ತಿದ್ದೇನೆ, ಅಷ್ಟೇ.

ಕಬ್ಬಿಣದ_ಕಡಲೆ · ಬೆಳಿಗ್ಗೆ 6:58

11,400 ಗಂಟೆ ಕೊಂದಿದೆ. ಇದರಲ್ಲಿ ಪತ್ತೇದಾರಿ ಮಾಡಲು ಏನಿದೆ?

ಬಕೆಟ್_ಸಾರಥಿ · ಮಂಗಳವಾರ, ಮಧ್ಯಾಹ್ನ 1:15

ಎಲ್ಲರಿಗೂ ವಂದನೆ. ಬೆಳಿಗ್ಗೆ ಬಕೆಟ್ ನೆಲಕ್ಕೆ ಇಳಿಸಿ, ಯಂತ್ರ ನಡುವಿನಲ್ಲಿ ಮಡಚದಂತೆ ಆರ್ಟಿಕ್ಯುಲೇಷನ್ ಲಾಕ್ ಹಾಕಿ, ಬ್ಯಾಟರಿ ಸ್ವಿಚ್ ತೆಗೆದು ಕೀ ಜೇಬಿಗೆ ಹಾಕಿಕೊಂಡೇ ಕೈ ಹಚ್ಚಿದೆ. ಉದ್ದ ಹಿಡಿಕೆಯನ್ನು ತೋಳಿನ ಚೌಕ ತೂತಿಗೆ ಹಾಕಿ ಎತ್ತಿ, ನಾಲ್ಕನೇ ಬೆಲ್ಟ್ ಹಾಕಿದೆ.

ನೀರು ಚಿಮುಕಿಸಿದೆ. ಸದ್ದು ನಿಂತಿತು. ಹತ್ತು ಎಣಿಸುವಷ್ಟರಲ್ಲಿ ಮತ್ತೆ ಚಿವ್ ಚಿವ್. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ.

ಟೆನ್ಷನರ್ ಪುಲ್ಲಿಯನ್ನು ಬೆಲ್ಟ್ ಹಾಕುವ ಮೊದಲು ಕೈಯಲ್ಲಿ ತಿರುಗಿಸಿ ನೋಡಿದ್ದೆ. ಚೆನ್ನಾಗಿ ತಿರುಗಿತು, ಬಹಳ ಹೊತ್ತು ತಿರುಗುತ್ತಲೇ ಇತ್ತು. ಆದ್ದರಿಂದ ಬೇರಿಂಗ್ ಸರಿಯಾಗಿದೆ ಎಂದುಕೊಂಡಿದ್ದೇನೆ.

ಬೇರಿಂಗ್_ಪ್ರಿಯ · ಮಧ್ಯಾಹ್ನ 1:22

ಸರಿಯಾಗಿಲ್ಲ! ಸೀಲ್ ಇರುವ ಬೇರಿಂಗ್ ತಿರುಗಿಸಿ ಬಿಟ್ಟರೆ ಗ್ರೀಸಿನ ಹಿಡಿತಕ್ಕೆ ಒಂದೆರಡು ಸುತ್ತಿನಲ್ಲಿ ನಿಲ್ಲಬೇಕು. ಬುಗುರಿಯಂತೆ ತಿರುಗುತ್ತಲೇ ಇದ್ದರೆ ಒಳಗೆ ಗ್ರೀಸ್ ಉಳಿದಿಲ್ಲ. ಕಿವಿ ಹತ್ತಿರ ಇಟ್ಟು ಕೇಳಿ, ಗೋಲಿಗಳು ಒಣ ಮರಳಿನ ಮೇಲೆ ಉರುಳಿದ ಸದ್ದು ಬರುತ್ತದೆ.

ಇಲ್ಲಿ ನಿಮಗೆ ರಿಪೇರಿಯ ಅವಕಾಶ ಇದೆ. ಡಬ್ಬಿ ಮುಟ್ಟದೆ ಪುಲ್ಲಿಯೊಂದನ್ನೇ ಬಿಚ್ಚಿ. ಪುಲ್ಲಿಯ ಹಿಂದೆ ಸರ್ಕ್ಲಿಪ್ (ಬೇರಿಂಗನ್ನು ತಡೆದು ಹಿಡಿಯುವ ತಂತಿಬಳೆ) ಇದ್ದರೆ ಬೇರಿಂಗ್ ಮಾತ್ರ ಬದಲಾಯಿಸಬಹುದು. ತಗಡನ್ನು ಮಡಚಿ ಬೇರಿಂಗನ್ನು ಕಚ್ಚಿಸಿರುವ ಪುಲ್ಲಿಯಾದರೆ ಇಡೀ ಪುಲ್ಲಿಯೇ ಬೇಕು. ಬೇರಿಂಗಿನ ಸೀಲಿನ ಮೇಲೆ ಸಂಖ್ಯೆ ಇರುತ್ತದೆ. 6203 ಇದ್ದರೆ ಅದೃಷ್ಟ: ಒಳ ವ್ಯಾಸ 17, ಹೊರ ವ್ಯಾಸ 40, ಅಗಲ 12 ಮಿಲಿಮೀಟರ್, ಎಲ್ಲೆಡೆ ಸಿಗುತ್ತದೆ. ಹೊಸದನ್ನು ಒತ್ತುವಾಗ ಹೊರಗಿನ ಬಳೆಯ ಮೇಲೆ ಮಾತ್ರ ಒತ್ತಬೇಕು. ಒಳಗಿನ ಬಳೆಯ ಮೇಲೆ ಒತ್ತಿದರೆ ಗೋಲಿಗಳು ದಾರಿಯಲ್ಲಿ ಗುಳಿ ಹಾಕುತ್ತವೆ, ಹೊಸ ಬೇರಿಂಗ್ ಹುಟ್ಟುತ್ತಲೇ ಮುದುಕ. ಹಳೆಯ ಬೇರಿಂಗಿನ ಹೊರಬಳೆಯನ್ನೇ ಒತ್ತುಗೋಲಾಗಿ ಬಳಸಿ.

ಸುಮ್ಮನೆ_ಓದುವವ · ಮಧ್ಯಾಹ್ನ 1:30

ಪುಲ್ಲಿಯ ನಡುವಿನ ಬೋಲ್ಟ್ ಎಡಮರೆಯೂ ಇರಬಹುದು, ಅಂದರೆ ಉಲ್ಟಾ ದಿಕ್ಕಿಗೆ ತಿರುಗಿಸಿ ಬಿಚ್ಚುವಂಥದ್ದು. ತಿರುಗಲಿಲ್ಲವೆಂದು ಪೈಪ್ ಹಾಕಿ ಜೋಲಾಡಬೇಡಿ. ನಾನು ಜೋಲಾಡಿದ್ದೆ, ಬೋಲ್ಟಿನ ತಲೆ ಕೈಗೆ ಬಂತು.

ಕಬ್ಬಿಣದ_ಕಡಲೆ · ಮಧ್ಯಾಹ್ನ 1:48

ಅಂಗಡಿಯ ಯಾವುದೋ 6203 ಹಾಕಿದರೆ ಎಂಜಿನ್ನಿನ ಮುಂದಿನ ಬಿಸಿಗೆ ತಿಂಗಳೂ ಬಾಳುವುದಿಲ್ಲ. ಆ ಪುಲ್ಲಿ ಎಷ್ಟು ವೇಗದಲ್ಲಿ ತಿರುಗುತ್ತದೆ ಗೊತ್ತೇ?

ಬೇರಿಂಗ್_ಪ್ರಿಯ · ಮಧ್ಯಾಹ್ನ 2:05

ಗೊತ್ತು, ಲೆಕ್ಕವನ್ನೇ ಕೊಡುತ್ತೇನೆ. ಕ್ರ್ಯಾಂಕ್ ಪುಲ್ಲಿ 200 ಮಿಲಿಮೀಟರ್, ಟೆನ್ಷನರ್ ಪುಲ್ಲಿ 76 ಎಂದಿಟ್ಟುಕೊಳ್ಳಿ. ಎಂಜಿನ್ 2,200 ಸುತ್ತಿನಲ್ಲಿದ್ದಾಗ ಟೆನ್ಷನರ್ ಪುಲ್ಲಿ ನಿಮಿಷಕ್ಕೆ ಸುಮಾರು 5,800 ಸುತ್ತು. ರಬ್ಬರ್ ಸೀಲಿನ ಒಳ್ಳೆಯ 6203 ಇದರ ಎರಡರಷ್ಟು ವೇಗ ತಾಳುತ್ತದೆ. ವೇಗದ ಚಿಂತೆ ಇಲ್ಲ.

ಬಿಸಿಯ ಮಾತು ಒಪ್ಪುತ್ತೇನೆ. ಮಾಮೂಲಿ ನೈಟ್ರೈಲ್ ಸೀಲಿಗೆ 100 ಡಿಗ್ರಿಯ ಆಸುಪಾಸೇ ಮಿತಿ. ಸಿಕ್ಕರೆ ವೈಟಾನ್ ಸೀಲಿನದು, ಒಳಗೆ ಹೆಚ್ಚು ಬಿಸಿಯ ಗ್ರೀಸ್, ಸಿ3 ಸಡಿಲಿಕೆಯದ್ದು (ಒಳಗೆ ಮಾಮೂಲಿಗಿಂತ ತುಸು ಹೆಚ್ಚು ಸಂದು ಇರುವುದು) ತನ್ನಿ. ಅವರಿಗೆ ಬೇಕಾದದ್ದು ಹನ್ನೆರಡು ದಿನ, ಹನ್ನೆರಡು ವರ್ಷವಲ್ಲ.

ಕ್ರಷರ್_ಕಾವಲು · ಮಧ್ಯಾಹ್ನ 2:40

ನಿಮ್ಮ ಎಂಟು ರಿಬ್‌ಗಳ ಬೆಲ್ಟಿಗೆ ಇಷ್ಟು ಗದ್ದಲ. ನಮ್ಮ ಜಲ್ಲಿ ಕ್ರಷರಿಗೆ ಆರು ವಿ-ಬೆಲ್ಟ್, ಸ್ಪ್ರಿಂಗೂ ಇಲ್ಲ, ತೋಳೂ ಇಲ್ಲ. ಮೋಟರ್ ಕೂತ ಪೀಠವನ್ನೇ ಬೋಲ್ಟ್ ತಿರುಗಿಸಿ ಹಿಂದಕ್ಕೆ ಎಳೆಯುತ್ತೇವೆ. ಎರಡು ಪುಲ್ಲಿಗಳ ನಡುವೆ ಒಂದು ಮೀಟರ್ ಬೆಲ್ಟ್ ಇದ್ದರೆ, ನಿಗದಿತ ಬಲದಲ್ಲಿ ಒತ್ತಿದಾಗ ಮಧ್ಯದಲ್ಲಿ 16 ಮಿಲಿಮೀಟರ್ ತಗ್ಗಬೇಕು. ಆರರಲ್ಲಿ ಒಂದು ಹರಿದರೆ ಆರನ್ನೂ ಬದಲಾಯಿಸುತ್ತೇವೆ. ಒಂದೇ ಹೊಸದು ಹಾಕಿದರೆ ಹಿಗ್ಗಿದ ಹಳೆಯ ಐದು ಸುಮ್ಮನೆ ಜೊತೆಗೆ ಸುತ್ತುತ್ತವೆ, ಹೊರೆಯೆಲ್ಲ ಹೊಸದರ ಮೇಲೆ. ಮನೆಗೆ ಬಂದ ಹೊಸ ಸೊಸೆಯ ಪಾಡು.

ಕಲಿಯುವ_ಕೈ · ಮಧ್ಯಾಹ್ನ 2:46

ಸೊಸೆಯ ಪರವಾಗಿ ನನ್ನದೊಂದು ಆಕ್ಷೇಪ ಇರಲಿ.

ಪ್ರಶ್ನೆ: ಸ್ಪ್ರಿಂಗ್ ಇಲ್ಲದೆ ಬಿಗಿ ಮಾಡಿ ಬಿಡಬಹುದಾದರೆ ಲೋಡರಿಗೂ ಹಾಗೇ ಮಾಡಬಹುದಲ್ಲ? ತೋಳನ್ನು ಸರಿಯಾದ ಜಾಗದಲ್ಲಿ ವೆಲ್ಡ್ ಮಾಡಿಬಿಟ್ಟರೆ?

ರಾತ್ರಿಪಾಳಿ · ಮಧ್ಯಾಹ್ನ 3:02

ಮಾಡಿದ್ದನ್ನು ನೋಡಿದ್ದೇನೆ. ಒಂದು ಹಳೆಯ ಗ್ರೇಡರ್. ಆಪರೇಟರ್ ತೋಳನ್ನು ಡಬ್ಬಿಗೇ ವೆಲ್ಡ್ ಮಾಡಿಸಿ, ಇನ್ನು ಜನ್ಮದಲ್ಲಿ ಸಡಿಲಾಗದು ಎಂದು ಬೀಗುತ್ತಿದ್ದ. ತಣ್ಣಗಿದ್ದಾಗ ಎಲ್ಲ ಸರಿ. ಎಂಜಿನ್ ಕಾದಾಗ ಬ್ಲಾಕ್ ಹಿಗ್ಗುತ್ತದೆ, ಪುಲ್ಲಿಗಳ ನಡುವಿನ ದೂರ ಬದಲಾಗುತ್ತದೆ, ಬೆಲ್ಟ್ ತಂತಿಯಂತೆ ಬಿಗಿಯಾಗುತ್ತದೆ. ಸ್ವಲ್ಪ ದಿನದಲ್ಲೇ ವಾಟರ್ ಪಂಪಿನ ಬೇರಿಂಗ್ ಅತ್ತಿತು, ಸೀಲಿನಿಂದ ಕೂಲಂಟ್ ಸೋರಿತು. ಪಂಪ್ ಬದಲಾಯಿಸುವಾಗ ಬೆಲ್ಟ್ ಬಿಚ್ಚಲು ದಾರಿಯೇ ಇಲ್ಲ! ತೋಳು ಎತ್ತುವ ಹಾಗಿಲ್ಲವಲ್ಲ. ಕತ್ತರಿಸಿಯೇ ತೆಗೆದರು.

ಇನ್ನೊಂದು, ಎಲೆಕ್ಟ್ರಾನಿಕ್ ಕಂಟ್ರೋಲರ್ ಇರುವ ಎಂಜಿನ್ನಿನ ಮೇಲೆ ಬ್ಯಾಟರಿ, ಕಂಟ್ರೋಲರಿನ ತಂತಿ ತೆಗೆಯದೆ ವೆಲ್ಡಿಂಗ್ ಮಾಡುವುದು ಬೇರೆಯದೇ ಖರ್ಚಿಗೆ ಆಹ್ವಾನ.

ಎಣ್ಣೆಕೈ · ಮಧ್ಯಾಹ್ನ 3:10

ಬೆಲ್ಟಿಗೆ ಹೊಡೆಯುವ ಅಂಟು ಸ್ಪ್ರೇ ಇದೆಯಲ್ಲ, ಅದನ್ನೂ ಬೇಡ ಎನ್ನುತ್ತೀರಾ?

ಹಳೆಯ_ಪಾನ · ಮಧ್ಯಾಹ್ನ 3:12

ಜಲ್ಲಿ ದೂಳಿನಲ್ಲಿ ಅಂಟು ಬೆಲ್ಟ್! ಸಂಜೆಗೆ ಅದು ಉಪ್ಪುಕಾಗದವಾಗಿರುತ್ತದೆ, ಪುಲ್ಲಿಯನ್ನು ತಾನೇ ಉಜ್ಜಿ ಹೊಳಪು ಕೊಡುತ್ತದೆ.

ಅಳತೆಪಟ್ಟಿ · ಮಧ್ಯಾಹ್ನ 3:35

ನೀರಿನ ಪರೀಕ್ಷೆ ತನ್ನ ಮಾತು ಹೇಳಿಯಾಯಿತು, ಯಾರೂ ಕಿವಿಗೊಡುತ್ತಿಲ್ಲ. ಬಕೆಟ್_ಸಾರಥಿಯವರೇ, ಮೂರು ಪ್ರಶ್ನೆ.

ಬೆಲ್ಟಿನ ಎಂಟೂ ರಿಬ್‌ಗಳು ಎಲ್ಲ ಪುಲ್ಲಿಗಳ ಮೇಲೆ ಕೂತಿವೆಯೇ? ಒಂದು ಗ್ರೂವ್ ಆಚೆ ಕೂತರೂ ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಬೆರಳಿನಿಂದ ಸವರಿ ನೋಡಬೇಕು.

ಕ್ರ್ಯಾಂಕ್ ಪುಲ್ಲಿಯ ಡ್ಯಾಂಪರ್ ಗಟ್ಟಿಯಾಗಿದೆಯೇ? ಒಳ ಭಾಗಕ್ಕೂ ಹೊರ ಬಳೆಗೂ ನಡುವೆ ರಬ್ಬರ್ ಇರುತ್ತದೆ. ಎರಡರ ಮೇಲೂ ಹಾಯುವಂತೆ ಬಣ್ಣದಲ್ಲಿ ಒಂದು ನೇರ ಗೆರೆ ಎಳೆಯಿರಿ. ಒಂದು ದಿನ ಕೆಲಸ ಮಾಡಿದ ಮೇಲೆ ಗೆರೆ ಮುರಿದಿದ್ದರೆ ರಬ್ಬರ್ ಜಾರುತ್ತಿದೆ.

ಮೂರನೆಯದು ಮುಖ್ಯ. ಮೊದಲ ಬೆಲ್ಟ್ ಹೋಗುವುದಕ್ಕೆ ಮುಂಚೆ ಎಂಜಿನ್ನಿನ ಮುಂಭಾಗದಲ್ಲಿ ಯಾರು ಏನು ಬಿಚ್ಚಿದರು?

ಬಕೆಟ್_ಸಾರಥಿ · ಮಂಗಳವಾರ, ಸಂಜೆ 6:40

ರಿಬ್‌ಗಳು ಸರಿಯಾಗಿ ಕೂತಿವೆ. ಗೆರೆ ಎಳೆದಿದ್ದೇನೆ, ನಾಳೆ ನೋಡುತ್ತೇನೆ.

ಮೂರನೆಯದಕ್ಕೆ ಉತ್ತರ: ಆಲ್ಟರ್ನೇಟರ್. ಸುಟ್ಟಿತ್ತು, ಬದಲಾಯಿಸಿದೆವು. ಮೊದಲ ಬೆಲ್ಟ್ ಹೋಗಿದ್ದು ಅದಾಗಿ ಎರಡು ವಾರಕ್ಕೆ. ಎರಡಕ್ಕೂ ಸಂಬಂಧ ಇದೆಯೆಂದು ಈ ಸಾಲು ಬರೆಯುವವರೆಗೂ ಹೊಳೆದಿರಲಿಲ್ಲ.

ಅಳತೆಪಟ್ಟಿ · ಸಂಜೆ 6:44

ಹಾ. ನೇರವಾದ ಉಕ್ಕಿನ ಪಟ್ಟಿ ತೆಗೆದುಕೊಳ್ಳಿ, ವಾಟರ್ ಪಂಪಿನ ಪುಲ್ಲಿಗೆ ಆನಿಸಿ ಆಲ್ಟರ್ನೇಟರಿನವರೆಗೆ ಚಾಚಿ. ಪುಲ್ಲಿಗಳ ಹೊರ ಅಂಚು ಒಂದೊಂದೂ ಬೇರೆ ದಪ್ಪದ್ದಾಗಿರುತ್ತದೆ, ಆದ್ದರಿಂದ ಅಂಚಿಗೆ ಅಂಚು ಅಳೆದು ಮೋಸ ಹೋಗಬೇಡಿ. ಪಟ್ಟಿಯಿಂದ ಮೊದಲ ಗ್ರೂವಿನವರೆಗಿನ ದೂರವನ್ನು ಎರಡೂ ಕಡೆ ಅಳೆದು ಹೋಲಿಸಿ. ಪುಲ್ಲಿಗಳ ನಡುವೆ ಒಂದು ಮೀಟರ್ ಅಂತರವಿದ್ದರೆ ಸುಮಾರು 5 ಮಿಲಿಮೀಟರ್ ವ್ಯತ್ಯಾಸ ಸಹ್ಯ. ನಿಮ್ಮಲ್ಲಿ 30 ಸೆಂಟಿಮೀಟರ್ ಇರಬಹುದು, ಅಂದರೆ ಒಂದೂವರೆ ಮಿಲಿಮೀಟರ್ ದಾಟಬಾರದು.

ಕಬ್ಬಿಣದ_ಕಡಲೆ · ಸಂಜೆ 7:05

ಆಲ್ಟರ್ನೇಟರ್ ಬದಲಾಯಿಸಿದರೆ ಸಾಲು ಹೇಗೆ ತಪ್ಪುತ್ತದೆ? ಬ್ರಾಕೆಟ್ ಅದೇ, ಬೋಲ್ಟ್ ಅದೇ. ಬಹುಶಃ ಪುಲ್ಲಿಯೊಳಗೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇರುವ ಬಗೆಯದ್ದಾಗಿರಬೇಕು, ಆ ಕ್ಲಚ್ ಸಿಕ್ಕಿಕೊಂಡಿರಬೇಕು. ಹಾಗಾದರೂ ತೋಳು ನಡುಗುತ್ತದೆ. ಬೆಲ್ಟ್ ಬಿಚ್ಚಿದಾಗ ಪುಲ್ಲಿಯನ್ನು ಎರಡೂ ದಿಕ್ಕಿಗೆ ತಿರುಗಿಸಿ ನೋಡಿ. ಅಂಥ ಪುಲ್ಲಿ ಸರಿಯಾಗಿದ್ದರೆ ಎರಡು ದಿಕ್ಕಿನಲ್ಲೂ ಒಂದೇ ರೀತಿ ಇರುವುದಿಲ್ಲ.

ಬಕೆಟ್_ಸಾರಥಿ · ಬುಧವಾರ, ಬೆಳಿಗ್ಗೆ 9:30

ಕಡಲೆಯವರೇ, ಪುಲ್ಲಿ ಗಟ್ಟಿಯದು, ಕ್ಲಚ್ ಇಲ್ಲ. ಡ್ಯಾಂಪರಿನ ಗೆರೆಗಾಗಿ ಸಂಜೆಯವರೆಗೆ ಕಾಯುತ್ತೇನೆ.

ಆದರೆ ಪಟ್ಟಿ ಇಟ್ಟೆ. ಆಲ್ಟರ್ನೇಟರ್ ಮುಂದೆ ಬಂದಿದೆ. 3 ಮಿಲಿಮೀಟರ್, ಒಂದು ಕೂದಲೂ ಕಡಿಮೆಯಿಲ್ಲ. ಹಿಂದೆ ಬಗ್ಗಿ ಟಾರ್ಚ್ ಬಿಟ್ಟರೆ ಬ್ರಾಕೆಟ್ಟಿಗೂ ಆಲ್ಟರ್ನೇಟರಿನ ಕಿವಿಗೂ ನಡುವೆ ಒಂದು ದಪ್ಪ ವಾಷರ್ ಇದೆ. ಗುಜರಿಯಲ್ಲಿ ಬಿದ್ದಿದ್ದ ಹಳೆಯ ಆಲ್ಟರ್ನೇಟರ್ ಹುಡುಕಿ ತಂದು ಅಳೆದೆ. ಅದರ ಕಿವಿ ಹೊಸದಕ್ಕಿಂತ ತೆಳು, ವಾಷರ್ ಇದ್ದದ್ದು ಆ ಕೊರತೆ ತುಂಬಲು. ಹೊಸದರ ಕಿವಿ ಮೊದಲೇ ದಪ್ಪ, ಅದಕ್ಕೆ ವಾಷರ್ ಬೇಕಿರಲಿಲ್ಲ. ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಹಾಗೇ ಜೋಡಿಸಬೇಕೆಂಬ ಶ್ರದ್ಧೆಯಲ್ಲಿ ಅದನ್ನೂ ತಪ್ಪದೆ ಹಾಕಿದ್ದೇವೆ. ಮೆಕ್ಯಾನಿಕ್ಕನ್ನು ಬೈಯೋಣವೆಂದರೆ ಆ ದಿನ ವಾಷರನ್ನು ನೆಲದಿಂದ ಎತ್ತಿ ಒರೆಸಿ "ಇದು ಮರೆತಿರಿ" ಎಂದು ಅವರ ಕೈಗೆ ಕೊಟ್ಟವನು ನಾನೇ.

ಹಳೆಯ_ಪಾನ · ಬೆಳಿಗ್ಗೆ 9:41

ಇಷ್ಟು ಪ್ರಾಮಾಣಿಕ ಉತ್ತರ ಇಲ್ಲಿ ಓದಿ ಬಹಳ ಕಾಲವಾಗಿತ್ತು.

ಕಬ್ಬಿಣದ_ಕಡಲೆ · ಬೆಳಿಗ್ಗೆ 9:55

ಸರಿ, ಅಳತೆಪಟ್ಟಿಯವರು ಗೆದ್ದರು. ಆದರೂ ಟೆನ್ಷನರ್ ಹೊಸದೇ ಬೇಕು ಎಂಬ ನನ್ನ ಮಾತು ನಿಲ್ಲುತ್ತದೆ.

ಅಳತೆಪಟ್ಟಿ · ಬೆಳಿಗ್ಗೆ 9:57

ಅದನ್ನು ನಾನು ಯಾವಾಗ ಬೇಡವೆಂದೆ?

ಬೇರಿಂಗ್_ಪ್ರಿಯ · ಬೆಳಿಗ್ಗೆ 10:20

ವಾಷರ್ ತೆಗೆದ ಮೇಲೆ ಬೋಲ್ಟ್ 3 ಮಿಲಿಮೀಟರ್ ಹೆಚ್ಚು ಒಳಹೋಗುತ್ತದೆ. ಕುರುಡು ತೂತಾದರೆ, ಅಂದರೆ ಆಚೆ ಬದಿ ಮುಚ್ಚಿದ್ದರೆ, ತಳ ಮುಟ್ಟಿ ಬಿಗಿಯಾದಂತೆ ನಟಿಸುತ್ತದೆ. ನೋಡಿಕೊಳ್ಳಿ. ಮತ್ತು ಬೇರಿಂಗ್ ಮರೆಯಬೇಡಿ.

ಬಕೆಟ್_ಸಾರಥಿ · ಬುಧವಾರ, ರಾತ್ರಿ 8:15

ವಾಷರ್ ತೆಗೆದೆ. ಬೋಲ್ಟ್ ಆರುಪಾರು ತೂತಿನದು, ತೊಂದರೆಯಿಲ್ಲ. ಪಟ್ಟಿ ಇಟ್ಟರೆ ಈಗ ಅರ್ಧ ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸ. ಡ್ಯಾಂಪರಿನ ಗೆರೆ ನೇರವಾಗೇ ಇದೆ.

ಟೆನ್ಷನರ್ ಪುಲ್ಲಿಯ ಬೋಲ್ಟ್ ನಿಜವಾಗಿಯೂ ಎಡಮರೆ. ಓದುವವರಿಗೆ ಧನ್ಯವಾದ, ಪೈಪ್ ಆಗಲೇ ಕೈಯಲ್ಲಿತ್ತು. ಸರ್ಕ್ಲಿಪ್ ಇತ್ತು, ಬೇರಿಂಗ್ 6203. ಹಳೆಯದರ ಸೀಲ್ ಎಬ್ಬಿಸಿ ನೋಡಿದೆ: ಗ್ರೀಸ್ ಇದ್ದ ಜಾಗದಲ್ಲಿ ಕಂದು ಬಣ್ಣದ ಒಣ ಹಿಟ್ಟು, ಉಗುರಿನಿಂದ ಕೆರೆದರೆ ಉದುರಿತು. ಹೊಸದನ್ನು ವೈಸಿನಲ್ಲಿ ಹಳೆಯ ಬಳೆ ಇಟ್ಟು ಒತ್ತಿದೆ, ಬೆಣ್ಣೆಯ ಹಾಗೆ ಹೋಯಿತು.

ಈಗ ಚಿವ್ ಚಿವ್ ಇಲ್ಲ. ತೋಳು ಮಾತ್ರ ಇನ್ನೂ ನಡುಗುತ್ತದೆ, ಮೊದಲಿನ ಅರ್ಧದಷ್ಟು.

ಹಳೆಯ_ಪಾನ · ರಾತ್ರಿ 8:31

ನಡುಗದೆ ಇರದು, ಬುಷ್ ಸವೆದದ್ದು ವಾಪಸ್ ಬೆಳೆಯುವುದಿಲ್ಲ. ಹೊಸದು ಬರುವವರೆಗೆ ಪ್ರತಿದಿನ ಬೆಳಿಗ್ಗೆ ಬೆಲ್ಟಿನ ಅಂಚು ನೋಡಿ. ಡಬ್ಬಿಯ ಮೇಲಿನ ಗುರುತುಗಳನ್ನೂ ನೋಡಿ, ತೋಳಿನ ಬಾಣ ಎರಡು ಗೆರೆಗಳ ನಡುವೆ ಇರಬೇಕು. ಚಾರ್ಜಿಂಗ್ ದೀಪ ಹತ್ತಿದರೆ ಆ ಬಕೆಟ್ ಮುಗಿಸಿಬಿಡೋಣ ಎನ್ನಬೇಡಿ, ವಾಟರ್ ಪಂಪ್ ನಿಂತಿದೆ ಎಂದೇ ತಿಳಿಯಿರಿ.

ಬೆಲ್ಟಿನಲ್ಲಿ ಬಿರುಕು ಹುಡುಕಬೇಡಿ. ಅದು ಹಳೆಯ ನಿಯೋಪ್ರೀನ್ ಬೆಲ್ಟಿನ ಕಾಲದ ಅಭ್ಯಾಸ. ಈಗಿನ ಇಪಿಡಿಎಂ ರಬ್ಬರಿನ ಬೆಲ್ಟ್ ಬಿರುಕು ಬಿಡದೆ ಟಯರಿನಂತೆ ಸವೆಯುತ್ತದೆ. ರಿಬ್‌ಗಳ ನಡುವಿನ ಕಣಿವೆ ಅಗಲವಾಗುತ್ತಾ ಹೋಗುತ್ತದೆ. ನೋಡಲು ಹೊಸದರಂತೆಯೇ, ಕೆಲಸದಲ್ಲಿ ಮುಗಿದ ಕಥೆ.

ರಾತ್ರಿಪಾಳಿ · ರಾತ್ರಿ 8:50

ಹೊಸ ಟೆನ್ಷನರ್ ಕೂರಿಸುವಾಗ ಹಿಂದಿನ ಪುಟ್ಟ ಪಿನ್ ಅದರ ತೂತಿನಲ್ಲಿ ಕೂತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಬೋಲ್ಟ್ ಬಿಗಿಯಿರಿ. ಪಿನ್ ತೂತಿಗೆ ಸಿಗದೆಯೇ ಬಿಗಿದಿದ್ದೆ ಒಮ್ಮೆ. ಟಕ್ ಎಂದಿತು. ಸರಿಯಾಗಿ ಕೂತ ಸದ್ದು ಎಂದುಕೊಂಡೆ. ಡಬ್ಬಿ ಸೀಳಿದ ಸದ್ದು.

ಸುಮ್ಮನೆ_ಓದುವವ · ರಾತ್ರಿ 8:52

ರಾತ್ರಿಪಾಳಿಯವರು ಮುರಿಯದೆ ಬಿಟ್ಟ ಭಾಗ ಯಾವುದಾದರೂ ಇದೆಯೇ?

ರಾತ್ರಿಪಾಳಿ · ರಾತ್ರಿ 8:55

ಹಾರ್ನ್.

ಬಕೆಟ್_ಸಾರಥಿ · ಹದಿನೈದು ದಿನಗಳ ನಂತರ, ಗುರುವಾರ, ಸಂಜೆ 7:20

ಹೊಸ ಟೆನ್ಷನರ್ ಎರಡು ದಿನ ತಡವಾಗಿ ಬಂತು. ಅಷ್ಟರಲ್ಲಿ ಹಳೆಯದರ ಮೇಲೆಯೇ 104 ಗಂಟೆ ಓಡಿದೆ, ನಾಲ್ಕನೇ ಬೆಲ್ಟಿನ ಅಂಚು ಇನ್ನೂ ಚೂಪಾಗಿದೆ. ಪಿನ್ ಮುಟ್ಟಿ ನೋಡಿ, ಕೈಪಿಡಿಯಲ್ಲಿ ಹೇಳಿದ ಬಿಗಿಗೆ ಟಾರ್ಕ್ ಪಾನದಲ್ಲಿ ಬಿಗಿದೆ. ತೋಳನ್ನು ಎತ್ತಿ ಬೆಲ್ಟ್ ಹಾಕಿ ನಿಧಾನಕ್ಕೆ ಇಳಿಸಿದೆ, ಧಡ್ಡೆಂದು ಬಿಡಲಿಲ್ಲ. ಈಗ ಎಂಜಿನ್ ಐಡಲ್‌ನಲ್ಲಿ ತೋಳಿನ ಮೇಲೆ ಸೀಮೆಸುಣ್ಣದಿಂದ ಹಾಕಿದ ಚುಕ್ಕೆ ಚುಕ್ಕೆಯಾಗಿಯೇ ಕಾಣುತ್ತದೆ. ಮೊದಲು ಅದು ಗೆರೆಯಾಗಿ ಕಾಣುತ್ತಿತ್ತು.

ವಾಷರನ್ನು ಕೀ ಗೊಂಚಲಿಗೆ ಹಾಕಿಕೊಂಡಿದ್ದೇನೆ.

ಮೂರನೇ_ಗೇರ್ · ಸಂಜೆ 7:48

ಇದನ್ನು ಓದಿ ನಮ್ಮ ಎಕ್ಸ್‌ಕವೇಟರಿನ ಆಲ್ಟರ್ನೇಟರ್ ನೋಡಲು ಹೋದೆ. ಅಲ್ಲೂ ಅಂಥದೇ ಒಂದು ವಾಷರ್ ಇದೆ! ತೆಗೆದುಬಿಡಲೇ?

ಅಳತೆಪಟ್ಟಿ · ಸಂಜೆ 7:49

ಬೇಡ!! ಮೊದಲು ಪಟ್ಟಿ ಇಟ್ಟು ಅಳೆಯಿರಿ.

ಮೂರನೇ_ಗೇರ್ · ಸಂಜೆ 7:53

ತೆಗೆದಾಯಿತು. ಪಟ್ಟಿ ಎಲ್ಲಿ ಇಡಬೇಕೆಂದಿರಿ?